ಭೃತ್ಯಾಚಾರವೂ ಪರದೇಶವಾಸವೂ
(ಕುಂದಾಪುರದ ಕರಾವಳಿಯಿಂದ ಕ್ಯಾಂಡಿಗೆ ನಡೆದ ಒಬ್ಬ ಪಾದ್ರಿಯ ಬಾಳಿನಿಂದ ಒಂದು ಪಾಠ)

ಲಿಂಗಾಚಾರ, ಸದಾಚಾರ, ಶಿವಾಚಾರ, ಗಣಾಚಾರ, ಭೃತ್ಯಾಚಾರ ಎಂಬ ಪಂಚಾಚಾರಗಳು ಶರಣಧರ್ಮದ ಪ್ರಾಣವೆಂದು ಹಿರಿಯರು ಸಾರಿದ್ದಾರೆ. ಇವುಗಳಲ್ಲಿ ಮೊದಲಿನ ನಾಲ್ಕರ ಮಾತು ಮಠದ ಉಪನ್ಯಾಸಗಳಲ್ಲಿಯೂ ಗೃಹಸ್ಥರ ಸಂಭಾಷಣೆಯಲ್ಲಿಯೂ ಆಗಾಗ ಕೇಳಿಬರುತ್ತದೆ. ಭೃತ್ಯಾಚಾರವು ಮಾತ್ರ ಎಣಿಕೆಯಲ್ಲಿ ಕಡೆಯದಾದಂತೆ ಆಚರಣೆಯಲ್ಲಿಯೂ ಕಡೆಗೆ ಬೀಳುವುದುಂಟು. ಶಿವಭಕ್ತರೇ ಹಿರಿಯರು, ತಾನು ಅವರ ಸೇವಕನು ಎಂಬ ಭಾವದಿಂದ ಬಾಳುವುದೇ ಭೃತ್ಯಾಚಾರ. ಕೇಳುವುದಕ್ಕೆ ಇದು ಸುಲಭ. ಆಚರಿಸುವುದಕ್ಕೆ ಇದರಷ್ಟು ಕಠಿಣವಾದುದು ಬೇರೊಂದಿಲ್ಲ.

ಮನುಷ್ಯನು ಹುಟ್ಟಿದೂರಿನಲ್ಲಿ ಇರುವವರೆಗೆ ಈ ಆಚಾರದ ನಿಜವಾದ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ ಮನೆತನದ ಹೆಸರಿದೆ, ಹೊಲಮನೆಗಳಿವೆ, ಬಂಧುಬಳಗವಿದೆ, ಮಠದ ಪರಿಚಯವಿದೆ. ಅಂಥ ನೆಲೆಯಲ್ಲಿ ನಿಂತು ಕೈಮುಗಿದು ಮಾತನಾಡುವವನ ವಿನಯವು ಅನೇಕ ವೇಳೆ ಅವನ ಮರ್ಯಾದೆಗೆ ಇನ್ನೊಂದು ಅಲಂಕಾರವಾಗಿ ಪರಿಣಮಿಸುತ್ತದೆ. ಆದರೆ ಅದೇ ಮನುಷ್ಯನು ಭಾಷೆ ತಿಳಿಯದ, ಹೆಸರು ಕೇಳಿದರೆ ಯಾರೂ ಗುರುತಿಸದ, ಹಣೆಯ ವಿಭೂತಿಯನ್ನು ಕಂಡು ಇದೇನೆಂದು ಪ್ರಶ್ನಿಸುವ ಪರದೇಶದ ಪಟ್ಟಣವೊಂದರಲ್ಲಿ ಇಳಿದನೆಂದರೆ ಅಲಂಕಾರಗಳೆಲ್ಲ ಕಳಚಿಬೀಳುತ್ತವೆ. ಆಗ ಉಳಿಯುವುದೇನು? ತಾನು ದೊಡ್ಡವನೆಂಬ ಹಳೆಯ ನೆನಪು ಉಳಿದರೆ ಅವನು ಕಹಿಯಾಗುತ್ತಾನೆ. ತಾನು ಸೇವಕನೆಂಬ ಭಾವವು ಉಳಿದರೆ ಆ ಊರಿನವನಾಗುತ್ತಾನೆ.

ಲಿಂಗಾಯತ ಮನೆಗಳ ಮಕ್ಕಳು ವಿದ್ಯೆಗಾಗಿಯೂ ಉದ್ಯೋಗಕ್ಕಾಗಿಯೂ ಬೆಂಗಳೂರು, ಮುಂಬಯಿಗಳಿಗೆ ಮಾತ್ರವಲ್ಲದೆ ಕಡಲಾಚೆಯ ನಗರಗಳಿಗೂ ಹೋಗುತ್ತಿರುವ ಈ ಕಾಲದಲ್ಲಿ ಇದು ಪುಸ್ತಕದ ಚರ್ಚೆಯಾಗಿ ಉಳಿದಿಲ್ಲ. ಆದುದರಿಂದ ಇದನ್ನು ಒಂದು ನಿಜವಾದ ಬಾಳಿನ ಮೂಲಕ ವಿಚಾರಮಾಡುವುದು ಉಚಿತ. ಆ ಬಾಳು ಶರಣಪರಂಪರೆಗೆ ಸೇರಿದುದಲ್ಲ. ಒಬ್ಬ ಕ್ರೈಸ್ತ ಪಾದ್ರಿಯದು. ಪರಧರ್ಮೀಯನನ್ನು ಉದಾಹರಿಸುವುದು ಸರಿಯೇ ಎಂಬ ಪ್ರಶ್ನೆಗೆ ಮುಂದೆ ಉತ್ತರವಿದೆ.

ಹೊಸಬರ ಪಟ್ಟಣವಾಗಿದ್ದ ಕಲ್ಯಾಣ

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆಯುವಾಗ ಒಂದು ಸಂಗತಿಯನ್ನು ಮರೆಯಬಾರದು. ಅಲ್ಲಿ ನೆರೆದ ಶರಣರಲ್ಲಿ ಬಹುಮಂದಿ ಹೊರಗಿನಿಂದ ಬಂದವರು. ಬಸವಣ್ಣನವರೇ ಬಾಗೇವಾಡಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಬೆಳೆದು ಕಲ್ಯಾಣಕ್ಕೆ ಬಂದವರು. ಅಕ್ಕಮಹಾದೇವಿಯವರು ಉಡುತಡಿಯಿಂದ ಬಂದರು. ಮೋಳಿಗೆಯ ಮಾರಯ್ಯನವರು ಕಾಶ್ಮೀರದ ಅರಸರಾಗಿದ್ದು, ಆ ಸಿಂಹಾಸನವನ್ನು ತೊರೆದು ಬಂದು ಕಟ್ಟಿಗೆಯ ಹೊರೆಯನ್ನು ಮಾರುವ ಕಾಯಕವನ್ನು ಕೈಕೊಂಡರೆಂದು ಶರಣಚರಿತ್ರೆಗಳು ಹೇಳುತ್ತವೆ. ಅರಸನೊಬ್ಬನು ಪರಸ್ಥಳದಲ್ಲಿ ತನ್ನ ಹಿಂದಿನ ಹೆಸರನ್ನು ಹೇಳಿಕೊಂಡು ಗೌರವವನ್ನು ಬೇಡಲಿಲ್ಲ. ಕಟ್ಟಿಗೆಯ ಹೊರೆಯಿಂದಲೇ ಹೊಸ ಹೆಸರನ್ನು ಪಡೆದನು.

ಶೂನ್ಯಸಂಪಾದನೆಯಲ್ಲಿ ಬರುವ ಮರುಳಶಂಕರದೇವರ ಪ್ರಸಂಗವು ಇನ್ನೂ ಮನನೀಯವಾದುದು. ದೂರದೇಶದಿಂದ ಬಂದ ಅವರು ಮಹಾಮನೆಯ ಆವರಣದಲ್ಲಿಯೇ ಪ್ರಸಾದವನ್ನು ನಂಬಿ, ಯಾರ ಕಣ್ಣಿಗೂ ಬೀಳದೆ ಹನ್ನೆರಡು ವರ್ಷಗಳನ್ನು ಕಳೆದರೆಂಬುದು ಅಲ್ಲಿಯ ಕಥನ. ಪ್ರಭುದೇವರು ಬಂದು ತೋರಿಸುವವರೆಗೆ ಬಸವಣ್ಣನವರಿಗೂ ಅವರ ನಿಲವು ತಿಳಿದಿರಲಿಲ್ಲ. ಇಲ್ಲಿ ಎರಡು ಪಾಠಗಳಿವೆ. ಬಂದವನು ತನ್ನನ್ನು ತೋರಿಸಿಕೊಳ್ಳಲು ಆತುರಪಡಲಿಲ್ಲವೆಂಬುದು ಒಂದು. ದಾಸೋಹಕ್ಕೆ ಹೆಸರಾದ ಮಹಾಮನೆಯಲ್ಲಿಯೂ ಬಳಿಯಲ್ಲಿದ್ದ ಹೊಸಬನೊಬ್ಬನು ಕಾಣದೆ ಉಳಿಯಬಹುದೆಂಬ ಎಚ್ಚರಿಕೆ ಇನ್ನೊಂದು.

ಕೆಳದಿಯ ಕರಾವಳಿ

ಇಂದು ಉಡುಪಿ ಜಿಲ್ಲೆಗೆ ಸೇರಿರುವ ಬೈಂದೂರು, ಕುಂದಾಪುರ, ಬ್ರಹ್ಮಾವರದ ಸೀಮೆಗಳು ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಅರಸರ ಆಳ್ವಿಕೆಯಲ್ಲಿದ್ದವು. ಆ ಅರಸುಮನೆತನವು ವೀರಶೈವ ಮನೆತನವೆಂಬುದು ಸರ್ವವಿದಿತ. ಘಟ್ಟದ ಮೇಲಣ ಬಿದನೂರು ರಾಜಧಾನಿ. ಘಟ್ಟದ ಕೆಳಗಿನ ಬಸ್ರೂರು, ಗಂಗೊಳ್ಳಿ, ಬಾರ್ಕೂರುಗಳು ಅಕ್ಕಿಯನ್ನು ಕಡಲಿಗೆ ಕಳುಹಿಸುವ ಬಾಗಿಲುಗಳು. ಬಸ್ರೂರು ಮತ್ತು ಗಂಗೊಳ್ಳಿಗಳಲ್ಲಿ ಪೋರ್ಚುಗೀಸರು ಕಟ್ಟಿಕೊಂಡಿದ್ದ ಕೋಟೆಗಳನ್ನು ಆ ಶತಮಾನದ ನಡುವಿನಲ್ಲಿ ಶಿವಪ್ಪನಾಯಕನು ಗೆದ್ದುಕೊಂಡನು.

ಇಷ್ಟಾದರೂ ಗೋವೆಯಿಂದ ತೆಂಕಣಕ್ಕೆ ವಲಸೆ ಬಂದ ಕೊಂಕಣಿ ಕ್ರೈಸ್ತರನ್ನು ಕೆಳದಿಯವರು ಶತ್ರುವಿನ ಮತದವರೆಂದು ಅಟ್ಟಲಿಲ್ಲ. ಅವರು ಬೇಸಾಯದಲ್ಲಿ ನುರಿತವರಾಗಿದ್ದರು. ಅವರಿಗೆ ನೆಲ ದೊರೆಯಿತು. ಚೆನ್ನಮ್ಮಾಜಿಯ ಆಳ್ವಿಕೆಯಲ್ಲಿ, 1678ರಲ್ಲಿ, ಪೋರ್ಚುಗೀಸರೊಡನೆ ಆದ ಒಪ್ಪಂದವು ಕರಾವಳಿಯ ಕೆಲವು ಊರುಗಳಲ್ಲಿ ಇಗರ್ಜಿಗಳಿಗೆ ಅವಕಾಶವನ್ನಿತ್ತಿತು. ಮುಂದೆ 1689ರಲ್ಲಿ ಮೊಗಲರ ಸೇನೆಯಿಂದ ತಪ್ಪಿಸಿಕೊಂಡು ಬಂದ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯಕೊಟ್ಟು, ಔರಂಗಜೇಬನ ದಂಡನ್ನು ಎದುರಿಸಿದವಳೂ ಇದೇ ಚೆನ್ನಮ್ಮಾಜಿ. ಬಂದವನನ್ನು ಕಾಯುವುದು ಆ ರಾಣಿಗೆ ಬರಿಯ ರಾಜತಂತ್ರವಾಗಿರಲಿಲ್ಲವೆಂಬುದಕ್ಕೆ ಅವಳು ಹೊತ್ತ ಅಪಾಯವೇ ಸಾಕ್ಷಿ.

ಇಂಥ ನಾಡಿಗೆ 1681ರಲ್ಲಿ, ತನ್ನ ಮೂವತ್ತನೆಯ ವಯಸ್ಸಿನಲ್ಲಿ, ಗೋವೆಯಿಂದ ಬಂದವರು ಜೋಸೆಫ್ ವಾಜ್ ಎಂಬ ಪಾದ್ರಿ.

ಭಾಷೆ ತನ್ನದು, ಜಗಳವೂ ತನ್ನವರದು

ವಾಜರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಳಿಯಲ್ಲಿ, ಕೊಂಕಣಿ ಬ್ರಾಹ್ಮಣ ಮೂಲದ ಕ್ರೈಸ್ತ ಕುಟುಂಬದಲ್ಲಿ ಹುಟ್ಟಿದರು. ಪೋರ್ಚುಗೀಸ್, ಲ್ಯಾಟಿನ್ ಭಾಷೆಗಳನ್ನು ಕಲಿತು 1676ರಲ್ಲಿ ಪಾದ್ರಿಯ ದೀಕ್ಷೆಯನ್ನು ಪಡೆದರು. ಮರುವರ್ಷ ತಾನು ಮಾತೆ ಮೇರಿಯ ದಾಸನೆಂದು ಸ್ವಹಸ್ತದಿಂದ ಪತ್ರವನ್ನು ಬರೆದು ತನ್ನನ್ನು ಒಪ್ಪಿಸಿಕೊಂಡರು. ಕುಲದಿಂದಲೂ ವಿದ್ಯೆಯಿಂದಲೂ ಮೇಲಿನ ನೆಲೆಯಲ್ಲಿದ್ದ ತರುಣನು ಗೋವೆಯ ದೊಡ್ಡ ಇಗರ್ಜಿಗಳಲ್ಲಿ ಸುಖವಾದ ಸ್ಥಾನವನ್ನು ಹುಡುಕಬಹುದಿತ್ತು. ಆತನು ಆರಿಸಿಕೊಂಡುದು ಆಳಿನ ಸ್ಥಾನವನ್ನು. ಇದು ಬೇರೊಂದು ಮತದ ಮಾತಿನಲ್ಲಿ ನಡೆದ ಭೃತ್ಯಾಚಾರದ ಪ್ರತಿಜ್ಞೆಯೇ ಸರಿ.

ಅವರ ಮನಸ್ಸು ಸಿಂಹಳದ್ವೀಪದ ಕಡೆಗಿದ್ದಿತು. ಗೋವೆಯ ಧರ್ಮಾಧಿಕಾರಿಗಳು ಅವರನ್ನು ಮೊದಲು ಕನ್ನಡ ಕರಾವಳಿಗೆ ಕಳುಹಿಸಿದರು. ಹೊನ್ನಾವರ, ಭಟ್ಕಳಗಳನ್ನು ದಾಟಿದರೆ ಬೈಂದೂರು. ಅಲ್ಲಿಂದ ತೆಂಕಣಕ್ಕೆ ಗಂಗೊಳ್ಳಿ, ಕುಂದಾಪುರ, ಬಸ್ರೂರು. ಇನ್ನೂ ಮುಂದೆ ಬಾರ್ಕೂರು, ಕಲ್ಯಾಣಪುರ, ಮಂಗಳೂರು. ಹೊಳೆಗಳು ಹೆಜ್ಜೆಹೆಜ್ಜೆಗೂ ಅಡ್ಡಬರುವ ಈ ನೆಲದಲ್ಲಿ ಚದುರಿಹೋಗಿದ್ದ ಕ್ರೈಸ್ತ ಮನೆಗಳನ್ನು ಅರಸುತ್ತ ವಾಜರು ಬರಿಗಾಲಿನಲ್ಲಿ ತಿರುಗಿದರು.

ಇಲ್ಲಿ ಅವರಿಗೆ ಭಾಷೆಯ ತೊಡಕಿರಲಿಲ್ಲ. ಅವರ ಜನರ ಮನೆಮಾತು ಕೊಂಕಣಿಯೇ. ಆಳುವವರ ಕಾಟವೂ ದೊಡ್ಡದಾಗಿರಲಿಲ್ಲ. ಎದುರಾದ ತೊಡಕು ತನ್ನವರಿಂದಲೇ ಹುಟ್ಟಿದುದು. ರೋಮಿನ ಗುರುಪೀಠವು ತಾಮಸ್ ಡಿ ಕ್ಯಾಸ್ಟ್ರೊ ಎಂಬ ಗೋವೆಯವರನ್ನೇ ಬಿಷಪರನ್ನಾಗಿ ನೇಮಿಸಿತ್ತು. ಗೋವೆಯವರು ಆ ಅಧಿಕಾರವನ್ನು ಒಪ್ಪಿರಲಿಲ್ಲ. ಒಂದೇ ಮತ, ಒಂದೇ ಪೂಜಾಕ್ರಮ. ಆದರೂ ಯಾರ ಕೈಯ ಸಂಸ್ಕಾರ ಸಲ್ಲುತ್ತದೆ, ಯಾರದು ಸಲ್ಲುವುದಿಲ್ಲವೆಂದು ಜನ ಇಬ್ಭಾಗವಾದರು. ಗೋವೆಯ ಪಕ್ಷದ ಪ್ರತಿನಿಧಿಯಾಗಿಯೇ ಬಂದಿದ್ದ ವಾಜರು ಆ ಬಿಷಪರಿಗೆ ಸಲ್ಲತಕ್ಕ ಗೌರವವನ್ನು ಬಿಡಲಿಲ್ಲ. ವ್ಯಾಜ್ಯವು ಸಮಾಧಾನದಿಂದ ತೀರಬೇಕೆಂಬುದೇ ಅವರ ನಿಲುವಾಗಿತ್ತು. 1684ರಲ್ಲಿ ಅವರು ಗೋವೆಗೆ ಮರಳಿದರು.

ಒಳಪಂಗಡಗಳ ಹೆಸರಿನಲ್ಲಿ ಕೊಳುಕೊಡೆಯನ್ನು ತಡೆಯುವ, ಈ ಮಠದವರು ಆ ಮಠದವರೆಂದು ಪಂಕ್ತಿಯನ್ನು ಬೇರೆಮಾಡುವ ಸಮಾಜಕ್ಕೆ ಈ ಮೂರು ವರ್ಷಗಳ ಕಥೆಯು ಪರರ ಕಥೆಯಾಗಿ ತೋರಬಾರದು. ಹೊಸ ಊರಿನಲ್ಲಿ ನೆಲೆಸಿದ ನಾಲ್ಕು ಲಿಂಗಾಯತ ಮನೆಗಳು ಒಂದಾಗಿ ಬಸವಜಯಂತಿಯನ್ನು ಆಚರಿಸಲಾರದೆ ಎರಡು ಕಡೆ ಪೆಂಡಾಲು ಹಾಕಿದರೆ, ಅಲ್ಲಿ ಭೃತ್ಯಾಚಾರಕ್ಕೆ ಅಪಜಯವಾದಂತೆಯೇ ಸರಿ.

ವೇಷವನ್ನು ಕಳಚಿದ ಪಾದ್ರಿ

ಸಿಂಹಳದ ಕರಾವಳಿಯನ್ನು ಡಚ್ಚರು ಪೋರ್ಚುಗೀಸರಿಂದ ಕಸಿದುಕೊಂಡಿದ್ದರು. 1658ರಲ್ಲಿ ಯಾಳ್ಪಾಣವೂ ಅವರ ವಶವಾಯಿತು. ಡಚ್ಚರೂ ಕ್ರೈಸ್ತರೇ, ಆದರೆ ಕ್ಯಾಥೋಲಿಕ್ ಪಾದ್ರಿಗಳನ್ನು ಅವರು ಹೊರಗಟ್ಟಿ, ಅಂಥವರಿಗೆ ಆಶ್ರಯ ಕೊಡುವವರಿಗೆ ಕಠಿಣ ಶಿಕ್ಷೆಯನ್ನು ವಿಧಿಸಿದರು. ಮೂವತ್ತು ವರ್ಷಗಳಷ್ಟು ಕಾಲ ಅಲ್ಲಿಯ ಕ್ಯಾಥೋಲಿಕರಿಗೆ ಪಾದ್ರಿಯೇ ಇರಲಿಲ್ಲ. ವಾಜರು 1686ರಲ್ಲಿ ಮತ್ತೆ ಗೋವೆಯನ್ನು ಬಿಟ್ಟು, ಹಿಂದೆ ತಾವು ತಿರುಗಿದ್ದ ಕನ್ನಡ ಕರಾವಳಿಯ ಮೇಲೆಯೇ ಹಾದು, ಮಲಬಾರನ್ನು ದಾಟಿ ತೂತುಕುಡಿಗೆ ಹೋದರು. ಸಿಂಹಳದ ಉತ್ತರಭಾಗದವರ ಮಾತು ತಮಿಳಾದುದರಿಂದ ತಮಿಳನ್ನು ಅಭ್ಯಾಸಮಾಡಿದರು. ಬಳಿಕ ಪಾದ್ರಿಯ ನಿಲುವಂಗಿಯನ್ನು ತೆಗೆದಿಟ್ಟು, ಕೂಲಿಯಾಳಿನ ಬಟ್ಟೆಯನ್ನುಟ್ಟು, ಜಾನ್ ಎಂಬ ಸೇವಕನೊಬ್ಬನೊಡನೆ 1687ರಲ್ಲಿ ಯಾಳ್ಪಾಣದಲ್ಲಿ ಇಳಿದರು.

ಹೊಸ ಊರು ಅವರನ್ನು ಆದರಿಸಲಿಲ್ಲ. ಬಿರುಗಾಳಿಗೆ ಸಿಕ್ಕಿದ ಪಯಣದಲ್ಲಿ ಬಳಲಿ, ಅತಿಸಾರದಿಂದ ಕೃಶರಾಗಿ ಬಿದ್ದಿದ್ದ ಅವರಿಗೆ ಒಬ್ಬ ಹೆಂಗಸು ಗಂಜಿಯನ್ನು ಕೊಟ್ಟು ಬದುಕಿಸಿದಳೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಕೊಡುವುದಕ್ಕೆಂದು ಕಡಲನ್ನು ದಾಟಿದವರು ಮೊದಲು ಮಾಡಬೇಕಾಗಿ ಬಂದುದು ಪರರ ಕೈಯ ಗಂಜಿಯನ್ನು ತೆಗೆದುಕೊಳ್ಳುವ ಕೆಲಸ. ದಾಸೋಹವನ್ನು ಮಾಡುವವನಿಗೆ ಇದಕ್ಕಿಂತ ಒಳ್ಳೆಯ ಶಿಕ್ಷಣವಿಲ್ಲ. ಎಂದೂ ಕೈಯೊಡ್ಡದವನ ದಾನದಲ್ಲಿ ಗರ್ವದ ಕಲಬೆರಕೆ ಇರುತ್ತದೆ. ಹಸಿದು ಉಂಡವನು ಬಡಿಸುವಾಗ ಎಲೆಯ ಮುಂದೆ ಕುಳಿತವನ ಮುಖವನ್ನು ಬಲ್ಲನು.

ಇಲ್ಲಿ ಒಂದು ಸಂದೇಹವು ಬರಬಹುದು. ವೇಷವನ್ನು ಮರೆಸುವುದು ಸತ್ಯಕ್ಕೆ ಹೊಂದುವುದೇ? ಶರಣರು ಖಂಡಿಸಿದುದು ಗುಣವಿಲ್ಲದವನು ತೊಟ್ಟ ವೇಷವನ್ನು; ಹೊರಗೆ ಲಾಂಛನವನ್ನು ಮೆರೆಸಿ ಒಳಗೆ ಬರಿದಾಗಿರುವವನನ್ನು. ವಾಜರಲ್ಲಿ ಕಾಣುವುದು ಇದರ ವಿಪರೀತ. ಅಧಿಕಾರವನ್ನೂ ಮರ್ಯಾದೆಯನ್ನೂ ತರುವ ವಸ್ತ್ರವನ್ನು ಅವರು ಬಿಟ್ಟರು, ನಿಷ್ಠೆಯನ್ನು ಬಿಡಲಿಲ್ಲ. ಮನೆಮನೆಗೆ ಭಿಕ್ಷೆಗೆ ಹೋಗುವಾಗಲೂ ಕೊರಳಿನಲ್ಲಿ ಜಪಮಾಲೆ ಇದ್ದಿತು. ಅದನ್ನು ಕಂಡು ಯಾರ ಮುಖವು ಅರಳುವುದೋ ಅವರೇ ತನ್ನವರೆಂದು ಅವರು ಗುರುತಿಸಿದರು. ಕಚೇರಿಯಲ್ಲಿ ಯಾರೇನೆನ್ನುವರೋ ಎಂದು ಇಷ್ಟಲಿಂಗವನ್ನು ಪೆಟ್ಟಿಗೆಯಲ್ಲಿಟ್ಟು ಹೋಗುವ ತರುಣನೂ, ಮನೆತನದ ಪ್ರತಿಷ್ಠೆಯನ್ನು ಮಾತ್ರ ಪರದೇಶದವರೆಗೂ ಹೊತ್ತುಕೊಂಡು ಹೋಗುವ ತರುಣನೂ ಇಲ್ಲಿ ನಿಂತು ಯೋಚಿಸಬೇಕು. ಬಿಡತಕ್ಕದ್ದು ಯಾವುದು, ಬಿಡಬಾರದ್ದು ಯಾವುದು ಎಂಬ ವಿವೇಕದಲ್ಲಿಯೇ ಪರದೇಶವಾಸದ ಮರ್ಮವಿದೆ.

ಸೆರೆಮನೆಯೇ ಪಾಠಶಾಲೆ

ಡಚ್ಚರ ಕಣ್ಣು ಬೀಳುತ್ತಲೇ ವಾಜರು ಪುತ್ತಳಕ್ಕೆ ಸರಿದು, 1692ರಲ್ಲಿ ದ್ವೀಪದ ನಡುವಣ ಬೆಟ್ಟಗಳಲ್ಲಿದ್ದ ಕ್ಯಾಂಡಿಯ ರಾಜಧಾನಿಗೆ ಹೋದರು. ಅಲ್ಲಿಯ ಅರಸನು ಎರಡನೆಯ ವಿಮಲಧರ್ಮಸೂರ್ಯ, ಬೌದ್ಧಧರ್ಮದ ಪೋಷಕ. ಬಂದವನು ಪೋರ್ಚುಗೀಸರ ಗೂಢಚಾರನೆಂದು ಅರಸನಿಗೆ ದೂರು ಹೋಯಿತು. ದೂರಿದವನು ಬೌದ್ಧನಲ್ಲ; ಆ ಪಟ್ಟಣದಲ್ಲಿ ನೆಲೆಸಿದ್ದ ಫ್ರೆಂಚ್ ಪ್ರಾಟೆಸ್ಟಂಟನೊಬ್ಬ. ವಾಜರು ಸೆರೆಮನೆಗೆ ಬಿದ್ದರು.

ತಮಿಳು ಅಲ್ಲಿ ಸಾಲುತ್ತಿರಲಿಲ್ಲ. ಪಟ್ಟಣದ ಮಾತು ಸಿಂಹಳ. ಸೆರೆಯಲ್ಲಿದ್ದ ದಿನಗಳನ್ನು ಅವರು ಆ ಭಾಷೆಯನ್ನು ಕಲಿಯುವುದಕ್ಕೆ ವಿನಿಯೋಗಿಸಿದರು. ನಲವತ್ತು ದಾಟಿದ ವಯಸ್ಸಿನಲ್ಲಿ, ಕಾವಲುಗಾರರ ನಡುವೆ ಮಗುವಿನಂತೆ ಹೊಸ ನುಡಿಯನ್ನು ತೊದಲುವುದಕ್ಕೆ ವಿದ್ವಾಂಸನೊಬ್ಬನು ಎಷ್ಟು ತಗ್ಗಬೇಕೆಂಬುದನ್ನು ಊಹಿಸಬಹುದು. ಅವರು ಗೂಢಚಾರನಲ್ಲವೆಂಬುದು ಅರಸನಿಗೆ ನಿಧಾನವಾಗಿ ಮನವರಿಕೆಯಾಯಿತು. ಕಟ್ಟು ಸಡಿಲವಾಗಿ ಕಡೆಗೆ ಸ್ವಾತಂತ್ರ್ಯವೂ ದೊರೆಯಿತು. 1705ರಲ್ಲಿ ಗೋವೆಯಿಂದ ಬಂದ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳುಗಳಲ್ಲಿ ಅನೇಕ ಗ್ರಂಥಗಳನ್ನು ರಚಿಸಿ ಈ ದಾರಿಯನ್ನೇ ಮುಂದುವರಿಸಿದರು. ಧರ್ಮದ ಮಾತು ಜನರ ನಾಲಗೆಯ ಮೇಲಣ ಭಾಷೆಯಲ್ಲಿಯೇ ಇರಬೇಕೆಂಬುದನ್ನು ಕಲ್ಯಾಣದ ಶರಣರು ಐದು ಶತಮಾನಗಳ ಮೊದಲೇ ಕನ್ನಡದಲ್ಲಿ ಸಾಧಿಸಿ ತೋರಿಸಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ಬರಗಾಲದಲ್ಲಿ ವಾಜರ ಪ್ರಾರ್ಥನೆಯಿಂದ ಮಳೆ ಬಂದಿತೆಂಬ ಪವಾಡವೊಂದು ಅವರ ಭಕ್ತರಲ್ಲಿ ಪ್ರಸಿದ್ಧವಾಗಿದೆ. ಪವಾಡಕ್ಕಿಂತ ನಡೆಯನ್ನು ಹಿರಿದೆಂದು ಕಾಣುವ ಶರಣಮಾರ್ಗದವರು ಅದಕ್ಕಿಂತ ಬೇರೊಂದು ಸಂಗತಿಯನ್ನು ಗಮನಿಸತಕ್ಕದ್ದು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹಬ್ಬಿತು. ಅರಸನು ಪಟ್ಟಣವನ್ನು ಬಿಟ್ಟನು. ಜನರು ಸೋಂಕಿನ ಭಯದಿಂದ ತಮ್ಮ ಮನೆಯವರನ್ನೇ ಕಾಡಿನ ಅಂಚಿನಲ್ಲಿ ತೊರೆದು ಓಡಿದರು. ಆಗ ವಾಜರೂ, ಸಹಾಯಕ್ಕೆ ಬಂದಿದ್ದ ಅವರ ಸೋದರಳಿಯ ಜೋಸೆಫ್ ಕರ್ವಾಲೊ ಪಾದ್ರಿಯವರೂ ರೋಗಿಗಳಿಗೆ ಅನ್ನವನ್ನು ಒಯ್ದು, ಹುಣ್ಣುಗಳನ್ನು ತೊಳೆದು, ಸತ್ತವರನ್ನು ಹೂಳಿದರು. ರೋಗಿಯು ಬೌದ್ಧನೋ ಕ್ರೈಸ್ತನೋ ಎಂದು ನೋಡಲಿಲ್ಲ. ಐದು ವರ್ಷಗಳ ಹಿಂದೆ ಗೂಢಚಾರನೆಂದು ಕೈದಾಗಿದ್ದವನು ಆ ಊರಿನವನೇ ಆದುದು ಹೀಗೆ. ಊರಿನವರು ಓಡಿಹೋದ ದಿನ ಊರಿನಲ್ಲಿ ಉಳಿದವನನ್ನು ಪರದೇಶಿಯೆಂದು ಯಾರು ಕರೆಯಬಲ್ಲರು?

ಅವರು ಮತ್ತೆ ಗೋವೆಗೆ ಹೋಗಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿಯೇ ದೇಹವನ್ನು ಬಿಟ್ಟರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಗಣಾಚಾರಕ್ಕೆ ವಿರೋಧವೇ?

ವಾಜರ ಉದ್ದೇಶವು ತಮ್ಮ ಮತವನ್ನು ಉಳಿಸುವುದೂ ಹರಡುವುದೂ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಅಂಥವರನ್ನು ಮೆಚ್ಚುವುದು ಗಣಾಚಾರಕ್ಕೆ ಕುಂದಲ್ಲವೇ ಎಂದು ನಿಷ್ಠಾವಂತರಾದ ಗೃಹಸ್ಥರು ಕೇಳಬಹುದು. ಪ್ರಶ್ನೆಯು ನ್ಯಾಯವಾದುದೇ. ಗಣಾಚಾರವೆಂದರೆ ಶಿವನಿಂದೆಯನ್ನೂ ಶರಣನಿಂದೆಯನ್ನೂ ಸಹಿಸದೆ ಧರ್ಮವನ್ನು ಕಾಯುವುದು. ಪರರಲ್ಲಿರುವ ಸದ್ಗುಣವನ್ನು ಕಂಡು ಕಣ್ಣು ಮುಚ್ಚಬೇಕೆಂದು ಅದು ವಿಧಿಸುವುದಿಲ್ಲ. ವಾಜರ ಮತವನ್ನು ಒಪ್ಪದೆಯೂ ಅವರ ನಡೆಯನ್ನು ಗೌರವಿಸಬಹುದು. ಇಷ್ಟಲಿಂಗನಿಷ್ಠೆಗೆ ಅದರಿಂದ ಯಾವ ಹಾನಿಯೂ ಇಲ್ಲ.

ಇಷ್ಟೇ ಅಲ್ಲ. ಪಂಚಾಚಾರಗಳನ್ನು ಹಿರಿಯರು ಬಿಡಿಬಿಡಿಯಾಗಿ ಹೇಳಲಿಲ್ಲ. ಭೃತ್ಯಾಚಾರವಿಲ್ಲದ ಗಣಾಚಾರವು ಹಟಕ್ಕೆ ತಿರುಗುತ್ತದೆ. ಗಣಾಚಾರವಿಲ್ಲದ ಭೃತ್ಯಾಚಾರವು ಬೆನ್ನೆಲುಬಿಲ್ಲದ ವಿನಯವಾಗುತ್ತದೆ. ಚೆನ್ನಮ್ಮಾಜಿಯು ತನ್ನ ಕೊರಳಿನ ಲಿಂಗವನ್ನು ಬಿಡದೆಯೇ ಪರಮತದವರಿಗೆ ನೆರಳಾದಳು. ವಿಮಲಧರ್ಮಸೂರ್ಯನು ಬುದ್ಧನನ್ನು ಬಿಡದೆಯೇ ಪಾದ್ರಿಗೆ ನೆರಳಾದನು. ಈ ಇಬ್ಬರು ಅತಿಥೇಯರ ಹಿರಿಮೆಯಿಲ್ಲದಿದ್ದರೆ ವಾಜರ ಸೇವೆಗೆ ನೆಲವೇ ದೊರೆಯುತ್ತಿರಲಿಲ್ಲ. ಪರದೇಶದಲ್ಲಿ ಒಬ್ಬನು ನೆಲೆಗೊಳ್ಳಬೇಕಾದರೆ ಹೋದವನ ತಗ್ಗುವಿಕೆಯಷ್ಟೇ ಇದ್ದವರ ಔದಾರ್ಯವೂ ಬೇಕು.

ಗೃಹಸ್ಥರಿಗೆ ಆಚರಣೆ

ಮಕ್ಕಳನ್ನು ಹೊರನಾಡಿಗೆ ಕಳುಹಿಸುವ ತಾಯಿತಂದೆಗಳು ಲಿಂಗಪೂಜೆಯನ್ನು ಬಿಡಬೇಡವೆಂದು ಹೇಳಿ ಕಳುಹಿಸುತ್ತಾರೆ, ಅದು ಅವಶ್ಯ. ಅದರೊಡನೆ ಇನ್ನು ಮೂರು ಮಾತುಗಳನ್ನೂ ಹೇಳಬೇಕು. ಹೋದ ಊರಿನ ಭಾಷೆಯನ್ನು ಕಲಿಯಲು ನಾಚಬೇಡ. ಕಷ್ಟಬಂದಾಗ ಪರರು ಕೊಟ್ಟ ಗಂಜಿಯನ್ನು ಸ್ವೀಕರಿಸಲು ಸಂಕೋಚಪಡಬೇಡ. ಅದನ್ನು ಮರೆಯಲೂ ಬೇಡ. ಆ ಊರಿಗೆ ವಿಪತ್ತು ಬಂದ ದಿನ ನಿನ್ನ ಪಾಲಿನ ಕೆಲಸವನ್ನು ಬಿಟ್ಟು ಓಡಬೇಡ.

ಊರಿನಲ್ಲಿ ಉಳಿದವರಿಗೂ ಕರ್ತವ್ಯವಿದೆ. ಕುಂದಾಪುರದ ಬಂದರಿನಲ್ಲಾಗಲಿ, ಬೈಂದೂರಿನ ರಸ್ತೆಯ ಕೆಲಸದಲ್ಲಾಗಲಿ, ಬ್ರಹ್ಮಾವರದ ಕಟ್ಟಡಗಳಲ್ಲಾಗಲಿ ದುಡಿಯುವವರಲ್ಲಿ ಬಯಲುಸೀಮೆಯಿಂದಲೂ ಬೇರೆ ರಾಜ್ಯಗಳಿಂದಲೂ ಬಂದವರಿದ್ದಾರೆ. ಅವರಿಗೂ ಆ ಊರು ಪರದೇಶವೇ. ಅವರ ಹೆಸರನ್ನು ಕೇಳಿ, ಜ್ವರ ಬಂದಾಗ ವಿಚಾರಿಸಿ, ಮಗುವನ್ನು ಶಾಲೆಗೆ ಸೇರಿಸಲು ಜೊತೆಗೆ ಹೋಗುವುದು ದಾಸೋಹವೇ ಆಗಿದೆ. ಜಂಗಮವು ಕಾವಿಯನ್ನು ಧರಿಸಿಯೇ ಬಾಗಿಲಿಗೆ ಬರಬೇಕೆಂಬ ನಿಯಮವಿಲ್ಲ. ಗಾರೆಯ ಬುಟ್ಟಿಯನ್ನು ಹೊತ್ತೂ ಬರಬಹುದು. ಮಹಾಮನೆಯ ಬಳಿ ಹನ್ನೆರಡು ವರ್ಷ ಕಾಣದೆ ಉಳಿದ ಮರುಳಶಂಕರದೇವರನ್ನು ನೆನೆದು, ಪ್ರತಿಯೊಬ್ಬ ಗೃಹಸ್ಥನೂ ತನ್ನ ಬೀದಿಯಲ್ಲಿ ಕಾಣದೆ ಉಳಿದಿರುವವರು ಯಾರೆಂದು ಒಮ್ಮೆ ಕಣ್ಣೆತ್ತಿ ನೋಡಲಿ. ಭೃತ್ಯಾಚಾರದ ಅಭ್ಯಾಸವು ಅಲ್ಲಿಂದಲೇ ಮೊದಲಾಗಲಿ.